ಏಳನೇ ಕ್ಲಾಸು ದಾಟಿದ ಮಗು ಯಾರ ಲೆಕ್ಕದಲ್ಲಿ?

(ಮುಂಬೈ ಕನ್ನಡಿಗರ ಒಂದು ಸಭೆಯಲ್ಲಿ ಆಡಿದ ಮಾತುಗಳು. ಅಲ್ಲಿ ಸಮಯ ಸಾಲದೆ ಬಿಟ್ಟಿದ್ದ ಕೆಲವು ವಿಷಯಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮುನ್ಸಿಪಾಲಿಟಿ ಶಾಲೆ ಅಂದ ಕೂಡಲೇ ನಮ್ಮವರ ಮಾತು ಎಲ್ಲಿಗೆ ಹೋಗುತ್ತದೆ ಅಂತ ನನಗೆ ಗೊತ್ತು. ಟೀಚರುಗಳು ಸರಿಯಾಗಿ ಪಾಠ ಮಾಡುವುದಿಲ್ಲ, ಸರ್ಕಾರಕ್ಕೆ ಕಾಳಜಿ ಇಲ್ಲ, ತಂದೆತಾಯಿಗೆ ಇಂಗ್ಲಿಷ್ ಮೀಡಿಯಂ ಹುಚ್ಚು. ಒಂದೊಂದು ಮಾತಿನಲ್ಲೂ ಒಂದಿಷ್ಟು ನಿಜ ಇದೆ. ಆದರೆ ಈ ಊರಿನ ಕನ್ನಡ ಶಾಲೆಗಳಲ್ಲಿ ಬಹಳ ವರ್ಷ ಪಾಠ ಮಾಡಿದವಳು ನಾನು. ಒಳ್ಳೆಯ ಟೀಚರ್ ಇದ್ದ ಕಡೆ, ಮನಸ್ಸಿಟ್ಟು ಕೆಲಸ ಮಾಡುವ ಅಧಿಕಾರಿ ಇದ್ದ ಕಡೆ, ಹೊಟ್ಟೆಬಟ್ಟೆ ಕಟ್ಟಿ ಓದಿಸುವ ತಾಯಿ ಇದ್ದ ಕಡೆ ಕೂಡ ಮಕ್ಕಳು ಶಾಲೆಯಿಂದ ಜಾರಿಹೋಗಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಅವರು ತರಗತಿಯ ಒಳಗಿದ್ದಾಗ ಜಾರಿದ್ದಲ್ಲ. ಒಂದು ಶಾಲೆ ಬಿಟ್ಟು ಇನ್ನೊಂದನ್ನು ಸೇರುವ ನಡುವೆ, ಒಂದು ಕಚೇರಿಯ ಲೆಕ್ಕದಿಂದ ಇನ್ನೊಂದರ ಲೆಕ್ಕಕ್ಕೆ ಹೋಗುವ ನಡುವೆ ಜಾರಿದ್ದು. ಆ ನಡುವಿನ ಜಾಗಕ್ಕೆ ಹೊಣೆಗಾರರು ಯಾರೂ ಇಲ್ಲ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇದನ್ನೇ.

ಮುಂಬೈಯಲ್ಲಿ ಒಂದು ಮಗು ಶಾಲೆಗೆ ಹೋಗುತ್ತದೆ ಅಂದರೆ ಎಷ್ಟು ಕಚೇರಿಗಳು ಅದರ ಹಿಂದೆ ಇವೆ, ಸ್ವಲ್ಪ ನೋಡೋಣ. ಮೂರು ವರ್ಷದ ಮಗು ಅಂಗನವಾಡಿಗೆ ಹೋದರೆ ಅದು ಮಹಿಳಾ ಮತ್ತು ಮಕ್ಕಳ ಇಲಾಖೆಯ ಮಗು. ಒಂದನೇ ಕ್ಲಾಸಿಗೆ ಬಂದರೆ ಮಹಾನಗರಪಾಲಿಕೆಯ ಶಿಕ್ಷಣ ವಿಭಾಗದ್ದು. ಹೈಸ್ಕೂಲು ಖಾಸಗಿ ಅನುದಾನಿತ ಶಾಲೆಯಾದರೆ ರಾಜ್ಯ ಸರ್ಕಾರದ ಶಿಕ್ಷಣ ಉಪನಿರ್ದೇಶಕರ ಕಚೇರಿಗೆ ಸೇರಿದ್ದು. ಪುಸ್ತಕ ಬರುವುದು ಪುಣೆಯ ಬಾಲಭಾರತಿಯಿಂದ. 1967ರಲ್ಲಿ ಶುರುವಾದ ಆ ಸಂಸ್ಥೆ ಇವತ್ತಿಗೂ ಕನ್ನಡದಲ್ಲಿ ಪಠ್ಯಪುಸ್ತಕ ಅಚ್ಚು ಹಾಕುತ್ತದೆ, ಅದನ್ನು ನಾವು ಕೃತಜ್ಞತೆಯಿಂದಲೇ ನೆನೆಯಬೇಕು. ಟೀಚರುಗಳ ತರಬೇತಿ ನೋಡಿಕೊಳ್ಳುವ ಸಂಸ್ಥೆಯೂ ಪುಣೆಯಲ್ಲೇ ಇದೆ, ಅದು ಬೇರೆ. ಹತ್ತನೇ ಕ್ಲಾಸಿನ ಪರೀಕ್ಷೆ ಬೋರ್ಡಿನದು, ಅದರ ಮುಂಬೈ ವಿಭಾಗದ ಕಚೇರಿ ವಾಶಿಯಲ್ಲಿದೆ. ಮಧ್ಯಾಹ್ನದ ಖಿಚಡಿ ಕೇಂದ್ರದ ಯೋಜನೆ, ರಾಜ್ಯದ ಪಾಲು, ಪಾಲಿಕೆಯ ಜವಾಬ್ದಾರಿ.

ಇಷ್ಟು ಜನ ಇರುವುದು ತಪ್ಪಲ್ಲ. ಒಂದೂವರೆ ಕೋಟಿಗೆ ಹತ್ತಿರದ ಜನ ಇರುವ ಊರು ಇದು. ಕೆಲಸ ಹಂಚಿಕೊಳ್ಳಲೇಬೇಕು. ಒಂದೇ ಕಚೇರಿಯ ಕೈಗೆ ಎಲ್ಲ ಕೊಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ದಾದರ್‌ನಲ್ಲಿ ವೆಸ್ಟರ್ನ್ ಲೈನ್ ಬೇರೆ, ಸೆಂಟ್ರಲ್ ಲೈನ್ ಬೇರೆ. ಎರಡೂ ತಮ್ಮ ತಮ್ಮ ಗಾಡಿ ಓಡಿಸುತ್ತವೆ. ಆದರೆ ನಡುವೆ ಒಂದು ಸೇತುವೆ ಇದೆ, ಅದಕ್ಕೇ ಜನ ದಾಟುತ್ತಾರೆ. ಶಾಲೆಗಳ ವಿಷಯದಲ್ಲಿ ಲೈನುಗಳನ್ನು ಹಾಕಿದ್ದೇವೆ, ಸೇತುವೆ ಕಟ್ಟಿಲ್ಲ.

ಮೊದಲು ಏಳನೇ ಕ್ಲಾಸಿನ ವಿಷಯ. ಮಹಾರಾಷ್ಟ್ರದ ಹಳೆಯ ಪದ್ಧತಿ ನಿಮಗೆಲ್ಲ ನೆನಪಿರಬೇಕು. ಒಂದರಿಂದ ನಾಲ್ಕು, ಐದರಿಂದ ಏಳು, ಎಂಟರಿಂದ ಹತ್ತು. ಕಟ್ಟಡ, ಹುದ್ದೆ, ಅನುದಾನ ಎಲ್ಲವೂ ಈ ಅಳತೆಗೇ ಹೊಂದಿಕೊಂಡಿದ್ದವು. 2010ರ ಏಪ್ರಿಲ್ 1ರಿಂದ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂತು. ಅದು ಎಂಟನೇ ಕ್ಲಾಸಿನವರೆಗೆ ಪ್ರಾಥಮಿಕ ಅಂತ ಹೇಳಿತು. ಒಂದರಿಂದ ಐದು, ಆರರಿಂದ ಎಂಟು. ಕಾಗದದ ಮೇಲೆ ಒಂದು ಕ್ಲಾಸು ಆಚೆಯಿಂದ ಈಚೆಗೆ ಬಂತು, ಅಷ್ಟೇ. ಆದರೆ ಎಂಟನೇ ಕ್ಲಾಸು ಇದ್ದದ್ದು ಹೈಸ್ಕೂಲಿನಲ್ಲಿ. ಅದನ್ನು ಏಳರ ಶಾಲೆಗೆ ಸೇರಿಸಬೇಕಾದರೆ ಕೋಣೆ ಬೇಕು, ಗಣಿತ ವಿಜ್ಞಾನಕ್ಕೆ ಪದವಿ ಓದಿದ ಟೀಚರ್ ಬೇಕು. ಹೈಸ್ಕೂಲಿನವರಿಗೋ ಎಂಟನೇ ಕ್ಲಾಸು ಹೋದರೆ ಮಕ್ಕಳ ಸಂಖ್ಯೆ ಇಳಿಯುತ್ತದೆ, ಹುದ್ದೆ ಹೋಗುತ್ತದೆ. ಹೀಗಾಗಿ ಕೆಲವು ಕಡೆ ಶಾಲೆ ಏಳಕ್ಕೆ ನಿಂತಿತು, ಕೆಲವು ಕಡೆ ಎಂಟಕ್ಕೆ ಹೋಯಿತು, ಕೆಲವು ಕಡೆ ಎಂಟು ಎರಡೂ ಕಡೆ ಇತ್ತು. ಪಾಲಿಕೆಯ ಪ್ರೈಮರಿ ಶಾಲೆಗಳ ಎದುರಿಗೆ ಸೆಕೆಂಡರಿ ಶಾಲೆಗಳ ಸಂಖ್ಯೆ ತುಂಬ ಕಡಿಮೆ. ಆದ್ದರಿಂದ ಬಹಳಷ್ಟು ಮಕ್ಕಳು ಏಳು ಅಥವಾ ಎಂಟು ಮುಗಿದ ಮೇಲೆ ಬೇರೆಯವರ ಶಾಲೆಗೇ ಹೋಗಬೇಕು.

ಈ ಹಂತದಲ್ಲಿ ಏನಾಗುತ್ತದೆ ಹೇಳುತ್ತೇನೆ. ಶಾಲೆಯಲ್ಲಿ ಒಂದು ದೊಡ್ಡ ಪುಸ್ತಕ ಇರುತ್ತದೆ, ಜನರಲ್ ರಿಜಿಸ್ಟರ್. ಮಗು ಸೇರಿದ ದಿನ ಅದರಲ್ಲಿ ಒಂದು ಸಾಲು ಬರೆಯುತ್ತಾರೆ. ಹೆಸರು, ತಾಯಿಯ ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು. ಬಿಟ್ಟುಹೋಗುವಾಗ ಅದೇ ಸಾಲಿನ ಕೊನೆಯಲ್ಲಿ ಬಿಟ್ಟ ತಾರೀಖು, ಬಿಟ್ಟ ಕಾರಣ ಬರೆದು ಎಲ್‌ಸಿ ಕೊಡುತ್ತಾರೆ. ನಮ್ಮ ಊರ ಕಡೆ ಅದನ್ನೇ ಟಿಸಿ ಅನ್ನುತ್ತೇವೆ. ಕಾರಣದ ಕಾಲಮ್ಮಿನಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಒಕ್ಕಣೆ, ‘ಮುಂದಿನ ಓದಿಗಾಗಿ’. ಹೆಡ್‌ಮಾಸ್ತರು ಸಹಿ ಹಾಕುತ್ತಾರೆ, ಸೀಲು ಬೀಳುತ್ತದೆ, ಕೌಂಟರ್‌ಫಾಯಿಲ್ ಫೈಲಿಗೆ ಹೋಗುತ್ತದೆ. ಶಾಲೆಯ ಕೆಲಸ ಅಲ್ಲಿಗೆ ಮುಗಿಯಿತು. ಕಾನೂನಿನ ಪ್ರಕಾರವೂ ಮುಗಿಯಿತು.

ಒಂದು ಜುಲೈಯಲ್ಲಿ ಅಂಥ ಕೌಂಟರ್‌ಫಾಯಿಲ್‌ಗಳನ್ನು ಮುಂದಿಟ್ಟುಕೊಂಡು ನಾವು ಕೆಲವರು ಮನೆಮನೆಗೆ ಫೋನ್ ಮಾಡಿದೆವು. ಹೆಚ್ಚಿನ ಮಕ್ಕಳು ಹೈಸ್ಕೂಲು ಸೇರಿದ್ದರು. ನಾಲ್ಕೈದು ಮಕ್ಕಳು ಎಲ್ಲೂ ಸೇರಿರಲಿಲ್ಲ. ಒಬ್ಬ ಹುಡುಗ ಚಿಕ್ಕಪ್ಪನ ಜೊತೆ ಕ್ಯಾಂಟೀನಿಗೆ ಹೋಗಲು ಶುರು ಮಾಡಿದ್ದ. ಒಬ್ಬಳು ತಮ್ಮನನ್ನು ನೋಡಿಕೊಂಡು ಮನೆಯಲ್ಲಿದ್ದಳು. ಇನ್ನೊಬ್ಬಳ ಕಥೆ ನನಗೆ ಇವತ್ತಿಗೂ ಸಂಕಟ ಕೊಡುತ್ತದೆ. ಅವಳ ಅಪ್ಪ ಎಲ್‌ಸಿ ಹಿಡಿದುಕೊಂಡು ಒಂದು ಶಾಲೆಗೆ ಹೋಗಿದ್ದರು. ಸೀಟು ಇಲ್ಲ, ಅಡ್ಮಿಷನ್ ಮುಗಿಯಿತು ಅಂದರಂತೆ. ಸರಿ ಅಂತ ವಾಪಸು ಬಂದರು. ಆ ಎಲ್‌ಸಿ ದೇವರ ಫೋಟೋದ ಹಿಂದೆ ಭದ್ರವಾಗಿತ್ತು. ಇವರು ಓದು ಬೇಡ ಅಂದವರಲ್ಲ. ಒಂದು ಬಾಗಿಲು ಮುಚ್ಚಿದಾಗ ಇನ್ನೊಂದು ಬಾಗಿಲು ಎಲ್ಲಿದೆ ಅಂತ ಹೇಳುವವರು ಅವರಿಗೆ ಸಿಗಲಿಲ್ಲ. ಕಳಿಸಿದ ಶಾಲೆಯ ದೃಷ್ಟಿಯಲ್ಲಿ ಹುಡುಗಿ ಮುಂದಿನ ಓದಿಗೆ ಹೋಗಿದ್ದಾಳೆ. ಸೇರಿಸಿಕೊಳ್ಳಬೇಕಾದ ಶಾಲೆಗೆ ಅವಳು ಯಾರು ಅಂತಲೇ ಗೊತ್ತಿಲ್ಲ. ಸೇರದೇ ಇದ್ದವರ ಹೆಸರು ಯಾವ ಶಾಲೆಯ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ, ಅಲ್ವಾ?

ಇದಕ್ಕೆ ಕಾನೂನಿನಲ್ಲಿ ಜಾಗ ಇಲ್ಲವೇ? ಇದೆ. ಶಿಕ್ಷಣ ಹಕ್ಕು ಕಾಯ್ದೆಯ 9ನೇ ಸೆಕ್ಷನ್ ಓದಿ ನೋಡಿ. ತನ್ನ ವ್ಯಾಪ್ತಿಯಲ್ಲಿ ವಾಸಿಸುವ 14 ವರ್ಷದವರೆಗಿನ ಎಲ್ಲ ಮಕ್ಕಳ ದಾಖಲೆ ಇಡುವುದು, ಅವರು ಶಾಲೆಗೆ ಸೇರಿದರೇ, ಬರುತ್ತಿದ್ದಾರೆಯೇ, ಓದು ಮುಗಿಸಿದರೇ ಅಂತ ನೋಡಿಕೊಳ್ಳುವುದು ಸ್ಥಳೀಯ ಸಂಸ್ಥೆಯ ಕರ್ತವ್ಯ ಅಂತ ಅಲ್ಲಿ ಬರೆದಿದೆ. ಗಮನಿಸಿ, ತನ್ನ ಶಾಲೆಯ ಮಕ್ಕಳು ಅಂತ ಇಲ್ಲ, ತನ್ನ ವ್ಯಾಪ್ತಿಯ ಮಕ್ಕಳು ಅಂತ ಇದೆ. ಬಹಳ ದೊಡ್ಡ ಮಾತು ಅದು. ಆದರೆ ವಾರ್ಡಿನಲ್ಲಿ ಆ ಕೆಲಸಕ್ಕೆ ಇಂಥವರು ಅಂತ ಒಂದು ಹೆಸರು ಹಚ್ಚದ ಹೊರತು ಅದು ಪುಸ್ತಕದಲ್ಲೇ ಉಳಿಯುತ್ತದೆ.

ಈಗ ನಮ್ಮದೇ ಭಾಷೆಯ ವಿಷಯ. ಮುಂಬೈ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ. ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು, ಕನ್ನಡ. ಇಷ್ಟು ಭಾಷೆಗಳಲ್ಲಿ ಬಡವರ ಮಕ್ಕಳಿಗೆ ಬಿಟ್ಟಿ ಶಿಕ್ಷಣ ಕೊಡುವುದು ಸಣ್ಣ ವಿಷಯವಲ್ಲ. ನಮ್ಮ ಹಿರಿಯರು ಊರು ಬಿಟ್ಟು ಬಂದು ಇಲ್ಲಿ ನೆಲೆ ನಿಂತದ್ದರಲ್ಲಿ ಆ ಶಾಲೆಗಳ ಪಾಲೂ ಇದೆ. ಈಗ ಕನ್ನಡ ಶಾಲೆಗಳು ಒಂದೊಂದಾಗಿ ಮುಚ್ಚುತ್ತಿವೆ. ಮಕ್ಕಳು ಕಡಿಮೆಯಾದರು, ಅದು ನಿಜ. ಆದರೆ ಮುಚ್ಚುವಾಗ ಬಳಸುವ ಅಳತೆಯ ಬಗ್ಗೆ ನನ್ನ ತಕರಾರಿದೆ.

ಸಂವಿಧಾನದ 350ಎ ವಿಧಿ 1956ರಲ್ಲಿ ಬಂತು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಅನುಕೂಲ ಮಾಡಿಕೊಡಲು ರಾಜ್ಯವೂ ಸ್ಥಳೀಯ ಸಂಸ್ಥೆಯೂ ಪ್ರಯತ್ನಿಸಬೇಕು ಅಂತ ಅದು ಹೇಳುತ್ತದೆ. ಶಿಕ್ಷಣ ಹಕ್ಕಿನ ನಿಯಮ ದೂರದ ಲೆಕ್ಕ ಹೇಳುತ್ತದೆ, ಐದನೇ ಕ್ಲಾಸಿನವರೆಗೆ 1 ಕಿಲೋಮೀಟರ್, ಎಂಟರವರೆಗೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಅಂತ. ಎರಡೂ ಒಳ್ಳೆಯ ನಿಯಮಗಳೇ. ಆದರೆ ದೂರದ ನಿಯಮದಲ್ಲಿ ಮಾಧ್ಯಮದ ಮಾತಿಲ್ಲ. ಒಂದು ಕಿಲೋಮೀಟರಿನ ಒಳಗೆ ಯಾವುದೋ ಒಂದು ಶಾಲೆ ಇದ್ದರೆ ಸಾಕು. ಕನ್ನಡ ಶಾಲೆ ಮುಚ್ಚಿದಾಗ ಪಕ್ಕದಲ್ಲಿ ಹಿಂದಿ ಶಾಲೆ ಇದೆ, ಆದ್ದರಿಂದ ಯಾವ ಮಗುವಿನ ಹಕ್ಕಿಗೂ ಧಕ್ಕೆ ಆಗಿಲ್ಲ ಅಂತ ಫೈಲಿನಲ್ಲಿ ಬರೆಯಬಹುದು. ಮೂರನೇ ಕ್ಲಾಸಿನ ಮಗುವಿಗೆ ಮಾತ್ರ ಗೊತ್ತು, ನಿನ್ನೆಯವರೆಗೆ ಅಕ್ಷರ ಕೂಡಿಸಿ ಓದುತ್ತಿದ್ದವಳು ಇವತ್ತು ಬೋರ್ಡಿನ ಮೇಲೆ ಏನು ಬರೆದಿದ್ದಾರೆ ಅಂತ ತಿಳಿಯದೆ ಕೂತಿದ್ದೇನೆ ಅಂತ. ಇನ್ನೊಂದು ಕನ್ನಡ ಶಾಲೆ ನಾಲ್ಕು ಸ್ಟೇಷನ್ ಆಚೆ ಇರಬಹುದು. ಅಲ್ಲಿಗೆ ಆ ಮಗುವನ್ನು ಕರೆದುಕೊಂಡು ಹೋಗುವವರು ಯಾರು? ಮುಚ್ಚುವ ತೀರ್ಮಾನ ಒಬ್ಬರದು, ಬಸ್ಸಿನ ವ್ಯವಸ್ಥೆ ಇನ್ನೊಬ್ಬರದು. ಎರಡೂ ಒಂದೇ ದಿನ ಒಂದೇ ಮೇಜಿನ ಮೇಲೆ ಬರುವುದಿಲ್ಲ. ಬರಬೇಕು.

ಟೀಚರುಗಳ ವಿಷಯದಲ್ಲೂ ಅಷ್ಟೇ. ಮಹಾರಾಷ್ಟ್ರದಲ್ಲಿ ಟೀಚರ್ 58ಕ್ಕೆ ನಿವೃತ್ತರಾಗುತ್ತಾರೆ. ಅವರು ಯಾವ ತಿಂಗಳು ನಿವೃತ್ತರಾಗುತ್ತಾರೆ ಅನ್ನುವುದು ಕೆಲಸಕ್ಕೆ ಸೇರಿದ ದಿನವೇ ಗೊತ್ತು. ಆದರೂ ಅವರು ಹೋದ ಮೇಲೆಯೇ ಆ ಜಾಗಕ್ಕೆ ಯಾರು ಅನ್ನುವ ಪತ್ರವ್ಯವಹಾರ ಶುರುವಾಗುವುದು. ದೊಡ್ಡ ಮರಾಠಿ ಶಾಲೆಯಾದರೆ ಪಕ್ಕದ ಕ್ಲಾಸಿನವರು ನೋಡಿಕೊಳ್ಳುತ್ತಾರೆ. ಇಬ್ಬರೇ ಟೀಚರ್ ಇರುವ ಕನ್ನಡ ಶಾಲೆಯಲ್ಲಿ ಒಬ್ಬರು ಹೋದರೆ ಅರ್ಧ ಶಾಲೆ ಹೋದ ಹಾಗೆ. ಟೀಚರ್ ಇಲ್ಲ ಅಂತ ಮಕ್ಕಳು ಬಿಡುತ್ತಾರೆ. ಮಕ್ಕಳು ಇಲ್ಲ ಅಂತ ಟೀಚರ್ ಬರುವುದಿಲ್ಲ.

ಇನ್ನು ಈ ಊರಿಗೆ ಕೂಲಿಗೆ ಬರುವವರ ಮಕ್ಕಳು. ಕಲಬುರಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಿಲ್ಡಿಂಗ್ ಕೆಲಸಕ್ಕೆ ಮುಂಬೈಗೂ ಪುಣೆಗೂ ಬರುವ ಕುಟುಂಬಗಳನ್ನು ನೀವು ಕೂಲಿಯವರು ಕೆಲಸಕ್ಕೆ ಕಾಯುವ ನಾಕಾಗಳಲ್ಲಿ ನೋಡಿರುತ್ತೀರಿ. ಹಬ್ಬ ಮುಗಿಸಿಕೊಂಡು ಬರುತ್ತಾರೆ, ಮಳೆ ಶುರುವಾಗುವ ಹೊತ್ತಿಗೆ ಬಿತ್ತನೆಗೆ ವಾಪಸು ಹೋಗುತ್ತಾರೆ. ದೀಪಾವಳಿ ರಜೆ ಮುಗಿದ ಮೇಲೆ ನಗರದ ಒಂದು ಶಾಲೆಗೆ ಅಂಥ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದಾಗ ನಾನು ಅಲ್ಲಿದ್ದೆ. ಹುಡುಗಿ ನಾಲ್ಕನೇ ಕ್ಲಾಸು. ಬಣ್ಣದ ಪ್ಲಾಸ್ಟಿಕ್ ಚೀಲದಲ್ಲಿ ಊರಿನ ಶಾಲೆಯ ಪುಸ್ತಕ, ಒಂದು ಆಧಾರ್ ಕಾರ್ಡಿನ ಜೆರಾಕ್ಸು.

‘ಅಕ್ಕೋರೆ, ಶಾಣ್ಯಾ ಅದಾಳ್ರಿ. ಹೆಸರು ಬರಕೊಳ್ರಿ. ಕೆಲಸದ ಕಡೆ ಬಿಟ್ರ ಇಟ್ಟಂಗಿ ಹೊರ್ತಾಳ’ ಅಂದಳು ತಾಯಿ.

ಕಾನೂನು ಈ ತಾಯಿಯ ಪರವಾಗಿದೆ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು. ಟಿಸಿ ತಡವಾಯಿತು ಅಂತ ಬೇಡ ಅನ್ನುವ ಹಾಗಿಲ್ಲ. ವಯಸ್ಸಿನ ಪುರಾವೆ ಇಲ್ಲ ಅಂತ ತಿರುಗಿಸಿ ಕಳಿಸುವ ಹಾಗಿಲ್ಲ. ಶಾಲೆಗೆ ಸೇರಲು ಆಧಾರ್ ಕಡ್ಡಾಯವಲ್ಲ ಅಂತ ಸುಪ್ರೀಂ ಕೋರ್ಟು 2018ರಲ್ಲಿ ಹೇಳಿದೆ. ಟೀಚರ್ ಕೂಡ ಒಳ್ಳೆಯವರು, ಹುಡುಗಿಯನ್ನು ಕೂಡಲೇ ಕ್ಲಾಸಿನಲ್ಲಿ ಕೂರಿಸಿಕೊಂಡರು. ತೊಡಕು ಬಂದದ್ದು ಕಂಪ್ಯೂಟರಿನಲ್ಲಿ. ದೇಶದ ಎಲ್ಲ ಶಾಲೆಗಳ ಲೆಕ್ಕ ಇಡುವ ಯುಡೈಸ್ ಪ್ಲಸ್‌ನಲ್ಲಿ 2022-23ರಿಂದ ಪ್ರತಿ ಮಗುವಿನ ಹೆಸರೂ ಇದೆ. ಹುಡುಗಿ ಊರಿನ ಶಾಲೆಯ ಪಟ್ಟಿಯಲ್ಲಿದ್ದಳು. ಅಲ್ಲಿನ ಹೆಡ್‌ಮಾಸ್ತರು ಅವಳನ್ನು ತಮ್ಮ ಪಟ್ಟಿಯಿಂದ ತೆಗೆದು, ಶಾಲೆ ಬಿಟ್ಟವರ ಹೆಸರು ಇರುವ ಡ್ರಾಪ್‌ಬಾಕ್ಸಿಗೆ ಹಾಕಿದರೆ ಮಾತ್ರ ಇಲ್ಲಿಯವರು ತಮ್ಮ ಪಟ್ಟಿಗೆ ತೆಗೆದುಕೊಳ್ಳಬಹುದು. ಫೋನ್ ಮಾಡಿದೆವು. ಆ ಮಾಸ್ತರು ಸೌಜನ್ಯದಿಂದಲೇ ಮಾತಾಡಿದರು. ‘ಬಿಟ್ಟು ಕೊಡ್ತೀನಿ ಮೇಡಂ, ಆದ್ರ ಜೂನ್‌ದಾಗ ಅಕಿ ಮತ್ತ ಇಲ್ಲೇ ಬರ್ತಾಳ. ಅಷ್ಟರಾಗ ನಮ್ಮ ಸಂಖ್ಯಾ ಕಡಿಮಿ ಆತಂದ್ರ ಒಂದು ಪೋಸ್ಟ್ ಹೋಗ್ತದ’ ಅಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ಯಾಕೆ ಅಂದರೆ ಅವರನ್ನು ಕಟ್ಟಿಹಾಕಿರುವುದು ಒಂದು ತಾರೀಖು. ಸೆಪ್ಟೆಂಬರ್ 30. ಆ ದಿನ ಎಷ್ಟು ಮಕ್ಕಳು ಇದ್ದಾರೆ ಅನ್ನುವುದರ ಮೇಲೆ ಮಹಾರಾಷ್ಟ್ರದಲ್ಲಿ ಸಂಚ್ ಮಾನ್ಯತಾ ನಡೆಯುತ್ತದೆ, ಅಂದರೆ ಈ ಶಾಲೆಗೆ ಇಷ್ಟು ಟೀಚರ್ ಅಂತ ನಿರ್ಧಾರವಾಗುತ್ತದೆ. ಯುಡೈಸ್‌ಗೂ ಬಹುಕಾಲದಿಂದ ಅದೇ ತಾರೀಖಿನ ಲೆಕ್ಕ. ಕೂಲಿಯವರ ಮಗು ಸೆಪ್ಟೆಂಬರಿನಲ್ಲಿ ಕರ್ನಾಟಕದ ಹಳ್ಳಿಯಲ್ಲಿ ಇರುತ್ತದೆ, ನವೆಂಬರಿನಲ್ಲಿ ಮುಂಬೈಯಲ್ಲಿ. ಹಳ್ಳಿಯ ಶಾಲೆಗೆ ಟೀಚರ್ ಸಿಗುತ್ತಾರೆ, ಮಗು ಇರುವುದಿಲ್ಲ. ಇಲ್ಲಿ ಮಗು ಇರುತ್ತದೆ, ಅದರ ಪಾಲಿನ ಟೀಚರ್ ಇಲ್ಲ, ಖಿಚಡಿಯ ಅಕ್ಕಿಯ ಲೆಕ್ಕವೂ ಇಲ್ಲ. ಅದರ ಮೇಲೆ ಈಚಿನ ವರ್ಷಗಳಲ್ಲಿ ಆಧಾರ್ ತಾಳೆಯಾದ ಮಕ್ಕಳನ್ನೇ ಸಂಚ್ ಮಾನ್ಯತೆಗೆ ಎಣಿಸುವ ಪದ್ಧತಿ ಬಂದಿದೆ. ಸೇರಿಸಿಕೊಳ್ಳಲು ಆಧಾರ್ ಬೇಡ, ಎಣಿಸಲು ಬೇಕು. ಹೆಸರಿನ ಒಂದು ಅಕ್ಷರ ಅತ್ತಿತ್ತ ಆದರೂ ಬೆಂಚಿನ ಮೇಲೆ ಕೂತ ಮಗು ಲೆಕ್ಕಕ್ಕಿಲ್ಲ. ಮರಾಠಿ ಕ್ಲಾರ್ಕು ಕನ್ನಡದ ಹೆಸರನ್ನು ಬರೆಯುವಾಗ ಎಷ್ಟು ಅಕ್ಷರ ಅತ್ತಿತ್ತ ಆಗುತ್ತದೆ ಅಂತ ಇಲ್ಲಿ ಕೂತ ಶೆಟ್ಟರಿಗೂ ಪೂಜಾರಿಯವರಿಗೂ ಗೌಡರಿಗೂ ನಾನು ಹೇಳಬೇಕಾಗಿಲ್ಲ.

ಎರಡು ರಾಜ್ಯಗಳ ಕ್ಯಾಲೆಂಡರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕರ್ನಾಟಕದಲ್ಲಿ ಬೇಸಿಗೆ ರಜೆ ಏಪ್ರಿಲ್ ನಡುವಿನಿಂದ, ಇಲ್ಲಿ ಮೇ ತಿಂಗಳಿನಿಂದ. ಅಲ್ಲಿ ಮೇ ಕೊನೆಗೆ ಶಾಲೆ ಶುರು, ಇಲ್ಲಿ ಜೂನ್ ನಡುವೆ. ಅಲ್ಲಿ ದಸರಾಕ್ಕೆ ದೊಡ್ಡ ರಜೆ, ಇಲ್ಲಿ ದೀಪಾವಳಿಗೆ. ಓಡಾಡುವ ಮಗುವಿಗೆ ಪರೀಕ್ಷೆ ಎರಡೂ ಕಡೆ ತಪ್ಪಬಹುದು. ಇದನ್ನು ಸರಿಮಾಡಲು ರಜೆ ಬದಲಿಸಬೇಕಾಗಿಲ್ಲ. ‘ಈ ಮಗು ಐದು ತಿಂಗಳು ಅಲ್ಲಿ, ಐದು ತಿಂಗಳು ಇಲ್ಲಿ’ ಅಂತ ಎರಡೂ ಶಾಲೆಗಳು ಒಪ್ಪಿ ಬರೆದುಕೊಳ್ಳಲು ಒಂದು ಕಾಲಮ್ಮು ಬೇಕು. ಎರಡೂ ಕಡೆಗೆ ಅರ್ಧರ್ಧ ಎಣಿಕೆ ಕೊಟ್ಟರೆ ಯಾವ ಮಾಸ್ತರೂ ಮಗುವನ್ನು ಹಿಡಿದಿಟ್ಟುಕೊಳ್ಳಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ಇದೇನು ದೊಡ್ಡ ಕೆಲಸ ಅಲ್ಲ. ಎರಡು ಸರ್ಕಾರಗಳ ಅಧಿಕಾರಿಗಳು ಒಂದು ಸಲ ಕೂತು ಮಾತಾಡಬೇಕು. ಗಡಿಯ ಮಾತು ಬಂದಾಗ ಜೋರಾಗಿ ದನಿ ಎತ್ತುವ ಎರಡೂ ಕಡೆಯ ನಾಯಕರು ಈ ಮಕ್ಕಳಿಗಾಗಿ ಒಂದು ಮಧ್ಯಾಹ್ನ ಕೊಡಲಿ ಅಂತ ನಾನು ಕೈಮುಗಿದು ಕೇಳುತ್ತೇನೆ.

ಪೋರ್ಟಲುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಇಲ್ಲಿರುವ ಟೀಚರುಗಳಿಗೆ ಅದು ದಿನದ ಪಾಡು. ಮಕ್ಕಳ ಲೆಕ್ಕಕ್ಕೆ ಸರಲ್, ಮತ್ತೆ ಯುಡೈಸ್, ಸಂಬಳಕ್ಕೆ ಶಾಲಾರ್ಥ್, ಊಟಕ್ಕೆ ಬೇರೆ. ಒಂದೇ ಮಾಹಿತಿಯನ್ನು ಎಷ್ಟು ಸಲ ಕೇಳುತ್ತಾರೆ! ಟೀಚರಿಗೆ ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸ ಕೊಡಬಾರದು ಅಂತ ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. ಡೇಟಾ ತುಂಬುವುದು ಪಾಠದ ಕೆಲಸವೇ ಅಂತ ಯಾರಾದರೂ ನನಗೆ ಒಪ್ಪಿಸಲಿ.

ನನಗೆ ಇವೆಲ್ಲಕ್ಕಿಂತ ಮುಖ್ಯ ಅನಿಸುವುದು ನಡುವಿನ ಅಧಿಕಾರಿಗಳು. ಮೇಲೆ ಮಂತ್ರಾಲಯ, ಅಂದರೆ ರಾಜ್ಯದ ಸಚಿವಾಲಯ, ಕೆಳಗೆ ಶಾಲೆ. ನಡುವೆ ಮುಂಬೈಯಲ್ಲಾದರೆ ಬೀಟ್ ಆಫೀಸರ್, ಜಿಲ್ಲೆಗಳಲ್ಲಾದರೆ ಕೇಂದ್ರ ಪ್ರಮುಖ್, ನಮ್ಮ ಕರ್ನಾಟಕದಲ್ಲಾದರೆ ಒಂದಿಷ್ಟು ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ. ಇವರನ್ನು ನಾವು ಟಪಾಲು ಹೊರುವವರನ್ನಾಗಿ ಮಾಡಿಬಿಟ್ಟಿದ್ದೇವೆ. ಮೇಲಿನ ಜಿ.ಆರ್., ಅಂದರೆ ಸರ್ಕಾರಿ ಆದೇಶ, ಕೆಳಗೆ, ಕೆಳಗಿನ ಅಂಕಿಅಂಶ ಮೇಲಕ್ಕೆ. ಆದರೆ ಶಾಲೆಗಳ ನಡುವೆ ಓಡಾಡುವವರು ಇವರೊಬ್ಬರೇ. ಸೇತುವೆ ಆಗಬಲ್ಲವರೂ ಇವರೇ.

ಇದಕ್ಕೆ ನಮ್ಮ ಊರಿನಲ್ಲೇ ಶುರುವಾದ ಒಂದು ಕೆಲಸದ ಉದಾಹರಣೆ ಕೊಡುತ್ತೇನೆ. ಪ್ರಥಮ್ ಸಂಸ್ಥೆ 1990ರ ದಶಕದಲ್ಲಿ ಮುಂಬೈಯ ಝೋಪಡಪಟ್ಟಿಗಳಲ್ಲಿ ಬಾಲವಾಡಿ ನಡೆಸಿ ಬೆಳೆದದ್ದು. ಅದರ ಬಾಲಸಖಿ ಅನ್ನುವ ಕಾರ್ಯಕ್ರಮದಲ್ಲಿ ಅದೇ ಕೇರಿಯ ಓದಿದ ಹುಡುಗಿಯರು ಪಾಲಿಕೆ ಶಾಲೆಗೇ ಬಂದು, ಓದಿನಲ್ಲಿ ಹಿಂದೆ ಬಿದ್ದ ಮೂರು ನಾಲ್ಕನೇ ಕ್ಲಾಸಿನ ಮಕ್ಕಳನ್ನು ದಿನಕ್ಕೆ ಎರಡು ಗಂಟೆ ಬೇರೆ ಕೂರಿಸಿ ಕಲಿಸುತ್ತಿದ್ದರು. ಮುಂದೆ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತವರ ಜೊತೆಯವರು 2001ರಿಂದ 2003ರವರೆಗೆ ಮುಂಬೈ ಮತ್ತು ವಡೋದರದಲ್ಲಿ ಇದನ್ನು ಅಳೆದು ನೋಡಿದರು. ಮಕ್ಕಳ ಕಲಿಕೆ ಚೆನ್ನಾಗಿಯೇ ಏರಿತ್ತು. ಆದರೆ ಅದೇ ಕ್ರಮವನ್ನು ಸರ್ಕಾರಿ ಟೀಚರುಗಳಿಗೆ ತರಬೇತಿ ಕೊಟ್ಟು, ಸಾಮಗ್ರಿ ಕೊಟ್ಟು, ನೀವೇ ಮಾಡಿಕೊಳ್ಳಿ ಅಂತ ಬಿಟ್ಟ ಕಡೆ ಶಾಲೆಯ ದಿನಗಳಲ್ಲಿ ಏನೂ ಬದಲಾಗಲಿಲ್ಲ. ಆಮೇಲೆ ಹರಿಯಾಣದಲ್ಲಿ ಒಂದು ಬದಲಾವಣೆ ಮಾಡಿದರು. ಬ್ಲಾಕ್ ಮಟ್ಟದ ಮೇಲ್ವಿಚಾರಕರು ಮೊದಲು ತಾವೇ ಕೆಲವು ದಿನ ತರಗತಿಯಲ್ಲಿ ನಿಂತು ಕಲಿಸಿದರು, ಆಮೇಲೆ ಟೀಚರುಗಳ ಜೊತೆ ನಿಂತರು. ಅದಕ್ಕೆಂದೇ ದಿನದಲ್ಲಿ ಒಂದು ಗಂಟೆ ಎತ್ತಿಟ್ಟರು. ಆಗ ಸರ್ಕಾರಿ ಟೀಚರುಗಳ ಕೈಯಲ್ಲೇ ಫಲ ಕಂಡಿತು. ಕೆಲಸ ಗೊತ್ತಿರುವ ಒಬ್ಬ ಮನುಷ್ಯ ನಡುವೆ ನಿಂತದ್ದು ವ್ಯತ್ಯಾಸ ಮಾಡಿತು.

ಹಾಗಾದರೆ ಏನು ಮಾಡಬೇಕು? ನಾನು ಕೇಳುವುದು ಬಹಳ ದೊಡ್ಡದಲ್ಲ. ಪ್ರತಿ ವಾರ್ಡಿನಲ್ಲಿ ದಾಟುವ ಮಕ್ಕಳಿಗೆ ಅಂತ ಒಬ್ಬ ಅಧಿಕಾರಿ ಇರಲಿ. ಅವರ ಹೆಸರು, ಮೊಬೈಲ್ ನಂಬರು ಎಲ್ಲ ಶಾಲೆಗಳ ಬಾಗಿಲಲ್ಲಿ ಬರೆದಿರಲಿ. ಏಪ್ರಿಲಿನಲ್ಲಿ ಕೊನೆಯ ಕ್ಲಾಸಿನ ಮಕ್ಕಳ ಪಟ್ಟಿ ಅವರ ಕೈಗೆ ಬರಬೇಕು. ಜುಲೈಯಲ್ಲಿ ಹೈಸ್ಕೂಲುಗಳ ಪಟ್ಟಿ ಬರಬೇಕು, ಅದು ಪಾಲಿಕೆಯದ್ದಾಗಲಿ, ಅನುದಾನಿತವಾಗಲಿ, ಖಾಸಗಿಯಾಗಲಿ. ಎರಡನ್ನೂ ಕೂರಿಸಿ ತಾಳೆ ನೋಡಿ, ಕಾಣೆಯಾದ ಹೆಸರುಗಳನ್ನು ಹುಡುಕಿಕೊಂಡು ಹೋಗುವುದು ಅವರ ಕೆಲಸ. ಸೀಟು ಇಲ್ಲ ಅಂತ ಯಾವ ಶಾಲೆ ಹೇಳಿದರೂ ಎಲ್ಲಿದೆ ಅಂತ ಹೇಳುವುದೂ ಅವರದೇ. ವರ್ಷದ ಕೊನೆಗೆ ಅವರ ಕೆಲಸವನ್ನು ಅಳೆಯಬೇಕಾದದ್ದು ಎಷ್ಟು ಮೀಟಿಂಗ್ ಮಾಡಿದರು ಅಂತಲ್ಲ, ಎಷ್ಟು ಹೆಸರು ತಾಳೆಯಾಗದೆ ಉಳಿಯಿತು ಅಂತ.

ಇನ್ನೊಂದು ಕನ್ನಡ ಶಾಲೆಗಳಿಗೇ ಸಂಬಂಧಪಟ್ಟದ್ದು. ಹತ್ತಿರದ ಶಾಲೆಗಳನ್ನು ಒಂದು ಗುಂಪಾಗಿ ನೋಡಬೇಕು, ಟೀಚರ್, ಗ್ರಂಥಾಲಯ, ಪ್ರಯೋಗಶಾಲೆ ಹಂಚಿಕೊಳ್ಳಬೇಕು ಅಂತ ಕೊಠಾರಿ ಆಯೋಗ 1964-66ರಲ್ಲೇ ಹೇಳಿತ್ತು. 2020ರ ಶಿಕ್ಷಣ ನೀತಿ ಅದನ್ನೇ ಶಾಲಾ ಸಂಕೀರ್ಣ ಅಂತ ಮತ್ತೆ ಎತ್ತಿದೆ. ಎರಡರಲ್ಲೂ ಗುಂಪು ಮಾಡುವುದು ಜಾಗ ನೋಡಿ. ಮುಂಬೈಯ ಅಲ್ಪಸಂಖ್ಯಾತ ಭಾಷೆಗಳಿಗೆ ಭಾಷೆ ನೋಡಿ ಗುಂಪು ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ಈ ಊರಿನಲ್ಲಿ ಉಳಿದಿರುವ ಪಾಲಿಕೆಯ ಕನ್ನಡ ಶಾಲೆ, ಸಂಘಗಳು ನಡೆಸುವ ಅನುದಾನಿತ ಹೈಸ್ಕೂಲು, ರಾತ್ರಿ ಶಾಲೆ, ಎಲ್ಲವೂ ಯಾರದೇ ಆಡಳಿತದಲ್ಲಿರಲಿ, ಒಂದು ಗುಂಪು. ಒಬ್ಬ ಒಳ್ಳೆಯ ಗಣಿತದ ಟೀಚರ್ ವಾರದ ಬೇರೆಬೇರೆ ದಿನ ಬೇರೆಬೇರೆ ಶಾಲೆಗೆ ಹೋಗಲಿ. ಒಬ್ಬರು ರಜೆ ಹಾಕಿದರೆ ಗುಂಪಿನಿಂದ ಇನ್ನೊಬ್ಬರು ಬರಲಿ. ಮುಂದಿನ ಐದು ವರ್ಷದಲ್ಲಿ ಯಾರು ಯಾರು ನಿವೃತ್ತರಾಗುತ್ತಾರೆ ಅಂತ ಒಂದೇ ಪಟ್ಟಿ ಇರಲಿ. ಇದಕ್ಕೆ ಪಾಲಿಕೆ ಮತ್ತು ರಾಜ್ಯ ಇಲಾಖೆ ಇಬ್ಬರೂ ಸಹಿ ಹಾಕಬೇಕು. ಇಲ್ಲಿಯವರೆಗೆ ಅವರಿಬ್ಬರನ್ನು ಒಂದೇ ಮೇಜಿಗೆ ಕರೆಯಿರಿ ಅಂತ ನಾವೂ ಗಟ್ಟಿಯಾಗಿ ಕೇಳಿಲ್ಲ. ಮನವಿ ಕೊಟ್ಟಿದ್ದೇವೆ, ಪಾಲಿಕೆಗೆ ಒಂದು, ಮಂತ್ರಾಲಯಕ್ಕೆ ಒಂದು.

ಹಣದ ಬಗ್ಗೆ ಒಂದೇ ಮಾತು. ಸಮಗ್ರ ಶಿಕ್ಷಾ ಯೋಜನೆಯಲ್ಲಿ ಶಾಲೆಗೆ ಕೊಡುವ ವಾರ್ಷಿಕ ಅನುದಾನ ಮಕ್ಕಳ ಸಂಖ್ಯೆಯ ಮೇಲೆ 10 ಸಾವಿರದಿಂದ 1 ಲಕ್ಷ ರೂಪಾಯಿಯವರೆಗೆ ಇದೆ. 40 ಮಕ್ಕಳ ಶಾಲೆಗೆ ಸಿಗುವುದು 25 ಸಾವಿರ. ಅದೂ ಎಷ್ಟೋ ಸಲ ವರ್ಷದ ಕೊನೆಗೆ ಬಂದು, ಮಾರ್ಚಿನೊಳಗೆ ಖರ್ಚು ಮಾಡಿ ಅನ್ನುವ ಅವಸರ. ಬೇಸಿಗೆಗೆ ಮುಂಚೆ ಹೆಡ್‌ಮಾಸ್ತರ ಕೈಗೆ ಬಂದರೆ, ಕಾಣೆಯಾದ ಮಗುವಿನ ಮನೆಗೆ ಹೋಗಿಬರುವ ಖರ್ಚಾದರೂ ಅವರ ಜೇಬಿನಿಂದ ಹೋಗುವುದಿಲ್ಲ.

ಸರ್ಕಾರದ ಕೈ ನೋಡುತ್ತ ಕೂರುವುದು ನಮ್ಮವರ ಪದ್ಧತಿ ಆಗಿರಲಿಲ್ಲ. ಮುಂಬೈಯ ಫೋರ್ಟ್ ಭಾಗದ ಕನ್ನಡ ರಾತ್ರಿ ಶಾಲೆಗಳನ್ನು ನೆನಪಿಸಿಕೊಳ್ಳಿ. ಮೊಗವೀರರು, ಬಿಲ್ಲವರು, ಬೇರೆಬೇರೆ ಸಂಘದವರು ನಡೆಸಿದ ಶಾಲೆಗಳು. ಹಗಲಿಡೀ ಹೋಟೆಲಿನಲ್ಲಿ ಟೇಬಲ್ ಒರೆಸಿದ ಹುಡುಗರು ಸಂಜೆ ಅಲ್ಲಿ ಕೂತು ಮೆಟ್ರಿಕ್ ಪಾಸಾದರು. ಪಾಸಾದವರಲ್ಲಿ ಬ್ಯಾಂಕ್ ಸೇರಿದವರಿದ್ದಾರೆ, ವಕೀಲರಾದವರಿದ್ದಾರೆ, ಈ ಸಭೆಯಲ್ಲೂ ಇದ್ದಾರೆ. ಅದು ನಡೆದದ್ದು ಹೇಗೆ? ಹೋಟೆಲಿನ ಯಜಮಾನರು ಸಂಜೆಯ ಹೊತ್ತು ಹುಡುಗನನ್ನು ಬಿಟ್ಟರು. ಶಾಲೆಯವರು ಹೋಟೆಲಿನ ಸಮಯ ನೋಡಿ ಗಂಟೆ ಇಟ್ಟರು. ಕಾಲೇಜು, ಆಫೀಸಿನಲ್ಲಿದ್ದವರು ಕೆಲಸ ಮುಗಿಸಿ ಬಂದು ಪಾಠ ಮಾಡಿದರು. ಹುಡುಗ ಎರಡು ದಿನ ಬರದಿದ್ದರೆ ಮಾಸ್ತರು ಹೋಟೆಲಿಗೇ ಹೋಗಿ ಕೇಳುತ್ತಿದ್ದರು. ನಾನು ಇವತ್ತು ಕೇಳುತ್ತಿರುವ ಹೊಂದಾಣಿಕೆ ಇದಕ್ಕಿಂತ ಬೇರೆಯೇನಲ್ಲ.

ಇವತ್ತು ಕಾನೂನಿನಲ್ಲೇ ನಮಗೆ ಒಂದು ಜಾಗ ಇದೆ. ಪ್ರತಿ ಸರ್ಕಾರಿ, ಪಾಲಿಕೆ ಶಾಲೆಗೂ ಶಾಲಾ ವ್ಯವಸ್ಥಾಪನ ಸಮಿತಿ ಇರಬೇಕು. ಮುಕ್ಕಾಲು ಪಾಲು ತಂದೆತಾಯಿ, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರು. ಕರ್ನಾಟಕದಲ್ಲಿ ಇಂಥದ್ದೇ ಎಸ್‌ಡಿಎಂಸಿ 2001ರಿಂದ ಇದೆ. ಈ ಸಮಿತಿ ಮೂರು ವರ್ಷದ ಯೋಜನೆ ಬರೆಯಬೇಕು. ಎಷ್ಟೋ ಕಡೆ ಸಮಿತಿಯ ಸಭೆ ಅಂದರೆ ಸಹಿ ಹಾಕಿಸುವುದು. ಮನೆಕೆಲಸ ಬಿಟ್ಟು ಬಂದ ತಾಯಿ ಸಹಿ ಹಾಕಿ ಹೋಗುತ್ತಾಳೆ. ಸಭೆಯನ್ನು ಭಾನುವಾರ ಇಡಿ, ಅವಳ ಭಾಷೆಯಲ್ಲಿ ಮಾತಾಡಿ, ಕಳೆದ ವರ್ಷದ ಏಳನೇ ಕ್ಲಾಸಿನ ಮಕ್ಕಳ ಹೆಸರುಗಳನ್ನು ಜೋರಾಗಿ ಓದಿ. ಯಾರ ಮಗ ಎಲ್ಲಿದ್ದಾನೆ ಅಂತ ಚಾಳಿನ ತಾಯಂದಿರಿಗೆ ಗೊತ್ತಿರುವಷ್ಟು ಯಾವ ಪೋರ್ಟಲಿಗೂ ಗೊತ್ತಿಲ್ಲ.

ಮಾತು ಮುಗಿದ ಮೇಲೆ ಹಿರಿಯರೊಬ್ಬರು ಕೇಳಿದರು, ‘ಅಮ್ಮಾ, ಕನ್ನಡ ಶಾಲೆ ಇನ್ನೆಷ್ಟು ದಿನ? ಹೇಗೂ ಮುಚ್ಚುತ್ತವೆ. ಅದಕ್ಕೆ ಇಷ್ಟು ವ್ಯವಸ್ಥೆ ಯಾಕೆ?’ ಅವರ ದನಿಯಲ್ಲಿ ನೋವು ಇತ್ತು. ನಾನು ಹೇಳಿದೆ, ಶಾಲೆ ಉಳಿಯಲಿ ಅಂತ ನನಗೂ ಆಸೆ ಇದೆ, ಅದಕ್ಕಾಗಿ ಕೆಲಸವನ್ನೂ ಮಾಡುತ್ತೇನೆ. ಆದರೆ ಮುಚ್ಚಿದರೆ ಈ ವ್ಯವಸ್ಥೆ ಇನ್ನೂ ಜಾಸ್ತಿ ಬೇಕು. ಮುಚ್ಚುವ ಶಾಲೆಯ ಮಗುವೇ ಎಲ್ಲರಿಗಿಂತ ದೊಡ್ಡ ದಾರಿ ದಾಟಬೇಕಾದದ್ದು. ಅದು ಮರಾಠಿಗೆ ಹೋಗಲಿ, ಹಿಂದಿಗೆ ಹೋಗಲಿ, ಆ ಹೊಸ ಶಾಲೆಯಲ್ಲಿ ಮೊದಲ ವರ್ಷ ಕನ್ನಡ ಗೊತ್ತಿರುವ ಒಬ್ಬರು ಅದರ ಜೊತೆ ಇರಬೇಕು. ಮುಚ್ಚುವ ಆದೇಶದಲ್ಲೇ ಅದನ್ನು ಬರೆಯಬೇಕು.

ಒಬ್ಬ ಯುವಕ ಎದ್ದು ನಿಂತು, ಸಂಘದಿಂದ ನಾಳೆಯೇ ಮಾಡಬಹುದಾದ್ದು ಏನು ಅಂತ ಕೇಳಿದ. ಉಳಿದಿರುವ ಪ್ರತಿ ಕನ್ನಡ ಶಾಲೆಗೆ ಇಬ್ಬರು ಬೇಕು ಅಂದೆ. ಏಪ್ರಿಲಿನಲ್ಲಿ ಹೆಡ್‌ಮಾಸ್ತರನ್ನು ಕಂಡು, ಸಮಿತಿಯ ಒಪ್ಪಿಗೆ ಪಡೆದು, ಕೊನೆಯ ಕ್ಲಾಸಿನ ಮನೆಗಳಿಗೆ ಅವರ ಜೊತೆಯಲ್ಲೇ ಹೋಗುವುದು. ಮಕ್ಕಳ ಹೆಸರು, ಫೋನ್ ನಂಬರು ಶಾಲೆಯಲ್ಲೇ ಇರಬೇಕು, ನಮ್ಮ ವಾಟ್ಸಾಪ್ ಗುಂಪಿಗೆ ಬರಬಾರದು. ಮೇ ತಿಂಗಳಲ್ಲಿ ಹೈಸ್ಕೂಲುಗಳಲ್ಲಿ ಎಲ್ಲಿ ಎಷ್ಟು ಜಾಗ ಇದೆ ಅಂತ ವಿಚಾರಿಸಿಡುವುದು. ಜೂನ್ ನಡುವೆ ಶಾಲೆ ಶುರುವಾದ ವಾರ, ಸೇರಲು ತೊಂದರೆ ಆದ ಮನೆಯವರ ಜೊತೆ ಹೋಗಿ ಕೌಂಟರಿನ ಮುಂದೆ ನಿಲ್ಲುವುದು. ಆಮೇಲೆ ಜುಲೈಯಲ್ಲಿ ತಾಳೆ. ಆ ಯುವಕ ತನ್ನ ಹೆಸರು ಮೊದಲು ಬರೆಸಿದ. ಇಬ್ಬರು ನಿವೃತ್ತ ಬ್ಯಾಂಕ್ ನೌಕರರು, ಒಬ್ಬ ಹೋಟೆಲ್ ಯಜಮಾನರು, ನನ್ನ ಹಳೆಯ ವಿದ್ಯಾರ್ಥಿನಿ ಒಬ್ಬಳು ಸೇರಿಕೊಂಡರು. ಇನ್ನೂ ಕೆಲವು ಶಾಲೆಗಳಿಗೆ ಜನ ಬೇಕು. ಬಿಡುವು ಇದ್ದವರು ಸಂಘದ ಕಚೇರಿಯಲ್ಲಿ ಹೆಸರು ಕೊಡಬಹುದು.